ತವರಿನ ಹಸಿರು ಸೀರೆ

ಅವ್ವನ ಎದೆಯ ಗಂಟು ತೆಗೆಸಿ ಎರಡು ವರ್ಷಕ್ಕೆ ಬೇನೆ ಬೆನ್ನೆಲುಬಿಗೆ ಇಳಿಯಿತು. ಸ್ವಾತಂತ್ರ್ಯ ಬಂದ ಮರುವರ್ಷ ಅದು. ಟಿಕೋಟಾದ ಮನೆಯಲ್ಲಿ ಅವಳು ಎದ್ದು ಕೂಡಲೂ ಆಗದೆ ಮಲಗಿಬಿಟ್ಟಾಗ, ವಿಜಾಪುರದ ನನ್ನ ಗಂಡನ ಮನೆಯಿಂದ ನಾನು ಹೋದೆ. ಅಪ್ಪ, ನಾನು ಸೇರಿ ಅವಳನ್ನು ಮುಂಬಯಿಗೆ ಕರೆದೊಯ್ದೆವು. ಅಲ್ಲಿ ಬೆನ್ನಿಗೆ ಕ್ಷ-ಕಿರಣ ಬಿಟ್ಟರು. ನಮ್ಮ ಕಡೆ ಅದಕ್ಕೆ ಕರೆಂಟು ಕೊಡೋದು ಅಂತಾರೆ.

ಹೊರಡುವ ದಿನ ಡಾಕ್ಟರು ನಮ್ಮನ್ನು ಬದಿಗೆ ಕರೆದು, ನೋವು ಇಳಿದೀತು, ಆದರೆ ದೀಪಾವಳಿ ಕಾಣುವುದು ಕಷ್ಟ ಎಂದರು. ಅಪ್ಪ ಗೋಡೆ ಹಿಡಿದು ನಿಂತ. ನನಗೆ ಏನೂ ಅನ್ನಿಸಲಿಲ್ಲ. ರೈಲಿನಲ್ಲಿ ಅವ್ವ ನನ್ನನ್ನು ಬಿಡಲಿಲ್ಲ.

"ಖರೇ ಹೇಳವಾ. ಎಲ್ಲೀ ತನಕ ಅಂದ್ರು?"

ಹೇಳಿಬಿಟ್ಟೆ. ಅವಳ ಮುಖ ಹಗುರಾಯಿತು.

"ಪುಣ್ಯಾ ಮಾಡೇನಿ. ನಿಮ್ಮಪ್ಪನ ಮುಂದ ಮುತ್ತೈದಿಯಾಗಿ ಹೋಗತೇನಿ."

ನನಗೆ ಮೈಯೆಲ್ಲ ಉರಿಯಿತು. "ಸಾಯಾಕ ಇಷ್ಟ್ಯಾಕ ಗಡಿಬಿಡಿ ಬೇ ನಿನಗ?" ಎಂದೆ. ಅವಳು ನಕ್ಕಳು.

ಗಂಡನಿರುವಾಗಲೇ ತೀರಿಹೋದವಳಿಗೆ ನಮ್ಮಲ್ಲಿ ತವರಿನಿಂದ ಹಸಿರು ಸೀರೆ ಬರಬೇಕು. ಅದನ್ನುಡಿಸಿ, ಉಡಿ ತುಂಬಿ ಮಣ್ಣಿಗೆ ಕಳಿಸುತ್ತಾರೆ. ಅದನ್ನು ತರುವುದು ಜೀವ ಹೋದ ಮೇಲೆ. ಅವ್ವ ಅಲ್ಲಿಯವರೆಗೆ ಕಾಯಬೇಕಲ್ಲ! ಬಬಲೇಶ್ವರದ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ಮಾವ ವಿಜಾಪುರದ ಪೇಟೆಯಲ್ಲಿ ಸೀರೆ ಕೊಂಡು, ಅಳುತ್ತಲೇ ಬಂದ.

"ಅಳಬ್ಯಾಡ ಯಣ್ಣಾ. ಸೆರಗ ಭಾಳ ಚಲೋ ಐತಿ," ಎಂದು ಅವಳೇ ಸಮಾಧಾನ ಹೇಳಿದಳು. ಸೀರೆ ಟ್ರಂಕಿನೊಳಗೆ ಎಲ್ಲಕ್ಕಿಂತ ಮೇಲೆ ಕೂತಿತು.

ಮುಂಬಯಿಯಲ್ಲಿ ಕೊಟ್ಟ ಕರೆಂಟು ಅವ್ವನ ಮೈಗೆ ಹತ್ತಿತು. ಶ್ರಾವಣದಲ್ಲಿ ಗೋಡೆ ಹಿಡಿದು ನಿಂತಳು. ಆಮೇಲೆ ಕೋಲು, ಆಮೇಲೆ ಅದೂ ಬೇಡವಾಯಿತು. ಓಣಿಯವರೆಲ್ಲ ನೋಡಿ ಹೋದರು. ದೀಪಾವಳಿಗೆ ತಾನೇ ಹಣತೆ ಹಚ್ಚಿದಳು. ಹಚ್ಚುತ್ತ ಅವಳ ಮುಖ ಸಣ್ಣದಾಗಿತ್ತು.

ಅಪ್ಪ ಕಾಡಿಸಿದ: "ಡಾಕ್ಟರ್ ಹೇಳಿದ್ದು ಸುಳ್ಳಾತಲ್ಲಾ! ನನ್ನ ಮಣ್ಣ ಮಾಡೇ ಹೋಗಾಕಿ ನೀ."

"ಬಿಡ್ತು ಅನ್ರಿ!" ಎಂದಳು ಅವ್ವ. ಅಪ್ಪ ಬಿಡ್ತು ಅಂದ.

ಜೋಳ ಹಾಲುಗಾಳಾಗಿದ್ದಾಗ ಹೊಲಕ್ಕೆ ಹೋದ ಅಪ್ಪನನ್ನು ಚಕ್ಕಡಿಯಲ್ಲಿ ಮಲಗಿಸಿ ತಂದರು. ಬೇನೆಯಿಲ್ಲ, ಬ್ಯಾಸರಿಕೆಯಿಲ್ಲ. ಅವನೆಷ್ಟು ದಿನ ಇರುತ್ತಾನೆಂದು ನಾವು ಯಾರನ್ನೂ ಕೇಳಿರಲಿಲ್ಲ.

ನನಗೆ ಅಳು ಬರಲಿಲ್ಲ. ಹೆಂಗಸರು ಅವ್ವನ ಬಳೆ ಒಡೆಯುವಾಗ ಚೂರು ತಾಗದಿರಲೆಂದು ಅವಳ ಕೈ ಹಿಡಿದು ಕೂತಿದ್ದೆ. ಮಾವ ಬಂದ. ಗಂಡ ಸತ್ತವಳಿಗೂ ಸೀರೆ ತವರಿನದೇ. ಅವನ ಬಗಲಲ್ಲಿ ಈ ಸಲ ಬಿಳಿಯದಿತ್ತು.

ಅವ್ವ ಟ್ರಂಕು ತೆಗೆದು ಹಸಿರು ಸೀರೆ ಅವನ ಕೈಗಿಟ್ಟಳು. "ಅವರ ಜೋಡಿ ಇಡು ಯಣ್ಣಾ. ಇನ್ನ ನನಗ ನಡೆಯೂದಿಲ್ಲ."

ಹಿರಿಯರು ಅಂಥ ಪದ್ಧತಿಯಿಲ್ಲ ಎಂದು ಗೊಣಗಿದರು. "ಇಡ್ರೀ!" ಎಂದು ನಾನು ಒದರಿದೆ. ಮಾವ ಇಟ್ಟ.

ಅಪ್ಪನನ್ನು ಎತ್ತಿದಾಗ ಅವ್ವ ಬಾಗಿಲಿಗೆ ಬಂದಳು. ಯಾರೂ ಹಿಡಿದಿರಲಿಲ್ಲ. ಅವರು ಓಣಿ ದಾಟುವವರೆಗೆ ನೆಟ್ಟಗೆ ನಿಂತೇ ಇದ್ದಳು. ಬೆನ್ನು ನೋಯುತ್ತದೆಯೇ ಎಂದು ಕೇಳಿದೆ.

"ಇಲ್ಲವಾ," ಎಂದಳು. "ಒಂಚೂರೂ ಇಲ್ಲ."