ಸಿಟ್ಟನ್ನು ಟೈಪ್ ಮಾಡಲು ಕಲಿತದ್ದು

ಮೊನ್ನೆ ಶುಕ್ರವಾರ ಕುರಿಯರ್‌ನವನು ಬಾಗಿಲಲ್ಲಿ ಒಂದು ಪೊಟ್ಟಣ ಇಟ್ಟು ಹೋದ. ಒಳಗೆ ಹೊಸ ಪೆಡಲ್. ಹೊಲಿಗೆ ಯಂತ್ರದ್ದು ಅಂದುಕೊಳ್ಳಬೇಡಿ, ನನಗೆ ಅಂಗಿಗೆ ಗುಂಡಿ ಹಾಕಲೂ ಬರುವುದಿಲ್ಲ. ಇದು ಟೈಪಿಸ್ಟ್‌ಗಳ ಪೆಡಲ್. ಕಾಲಿನಿಂದ ಒತ್ತಿದರೆ ಕಿವಿಯೊಳಗೆ ರೆಕಾರ್ಡಿಂಗ್ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಕೈಗಳು ತಮ್ಮ ಪಾಡಿಗೆ ಟೈಪ್ ಮಾಡುತ್ತಿರುತ್ತವೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮೊದಲ ಪೆಡಲ್ ಬಂದ ದಿನದ ಸಂಭ್ರಮ ನೆನಪಾಯಿತು. ಅದನ್ನು ತುಳಿದು ನಾನು ಮಾಡಿದ ಘನಂದಾರಿ ಕೆಲಸವೂ ನೆನಪಾಯಿತು.

ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಹೊಸತು ಅದು. ನಮ್ಮ ಯಜಮಾನರು ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನಾನು ಸಿಟಿಯ ಆಫೀಸುಗಳಿಗೆಲ್ಲ ಅರ್ಜಿ ಹಾಕಿದೆ. 'ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲ' ಎಂಬ ಒಂದೇ ಮಾತನ್ನು ಎಷ್ಟು ಬಗೆಯಲ್ಲಿ ನಯವಾಗಿ ಹೇಳಬಹುದೆಂದು ಆ ವರ್ಷ ಕಲಿತೆ. ಟ್ರೈನಿನಲ್ಲಿ ಕೊರಳಿಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. "ನೀವೇನ್ ಮಾಡ್ಕೊಂಡಿದೀರಾ?" ಎಂದು ಯಾರಾದರೂ ಕೇಳಿದರೆ ಕೊಡಲು ನನ್ನದೇ ಆದ ಒಂದು ಉತ್ತರ ಬೇಕಿತ್ತು.

ಆಗ ಕೈಹಿಡಿದವರು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿರುವ ವಿಮಲಾ ಆಂಟಿ, ನಮ್ಮ ದೂರದ ನೆಂಟರು. ಮನೆಯಲ್ಲೇ ಕೂತು ಡಾಕ್ಟರುಗಳ ಪತ್ರ ಟೈಪ್ ಮಾಡಿ ಸಂಪಾದಿಸುತ್ತಿದ್ದರು. "ಟೈಪಿಂಗ್ ಸೀನಿಯರ್ ಪಾಸಾಗ್ಬಿಟ್ಟು ಸುಮ್ನೆ ಕೂತಿದೀಯಲ್ಲೇ! ಅಡಿಲೇಡ್‌ನಲ್ಲಿ ಹೆಲೆನ್ ಅಂತ ಇದಾಳೆ, ಮನೆಯಿಂದ್ಲೇ ಮಾಡೋ ಟೈಪಿಸ್ಟ್ ಬೇಕಂತೆ ಅವಳಿಗೆ. ಇವತ್ತು ಆರ್ವೋ ಒಳಗೆ ಇಮೇಲ್ ಹಾಕು" ಎಂದು ಫೋನಿನಲ್ಲೇ ಗದರಿಸಿದರು. ಆರ್ವೋ ಅಂದರೆ ಮಧ್ಯಾಹ್ನ ಎಂದು ತಿಳಿಯದೆ ನಾನು ಸಂಜೆಯವರೆಗೆ ಕಾದಿದ್ದು ಬೇರೆ ಕತೆ.

ನಾನು ಟೈಪಿಂಗ್ ಕಲಿತದ್ದು ಮೈಸೂರಿನಲ್ಲಿ, ಕೋರ್ಟಿನ ಹಿಂಬದಿಯ ಒಂದು ಇನ್‌ಸ್ಟಿಟ್ಯೂಟಿನಲ್ಲಿ. ಅಲ್ಲಿನ ಮೇಷ್ಟ್ರು ಜನರಿಗೆ ಅರ್ಜಿಗಳನ್ನೂ ಟೈಪ್ ಮಾಡಿಕೊಡುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲ, ಪಿಂಚಣಿ ನಿಂತುಹೋಗಿದೆ ಎಂದು ಜನ ಕೆಂಡ ಕಾರುತ್ತ ಬರುತ್ತಿದ್ದರು. ಅವರು "ಆ ಗುಮಾಸ್ತನ ಮನೆ ಹಾಳಾಗ!" ಎಂದರೆ ಮೇಷ್ಟ್ರ ಬೆರಳುಗಳು 'ತಮ್ಮಲ್ಲಿ ಸವಿನಯವಾಗಿ ಪ್ರಾರ್ಥಿಸುವುದೇನೆಂದರೆ' ಎಂದು ಕುಟ್ಟುತ್ತಿದ್ದವು. "ಬೈಗುಳ ಕಿವಿಗೆ ಬರ್ಲಿ, ಕಾಗದದ ಮೇಲೆ ಬಿನ್ನಹ ಬೀಳ್ಲಿ. ಅದೇ ಕಣ್ರಮ್ಮ ಟೈಪಿಸ್ಟ್ ಅಂದ್ರೆ" ಎನ್ನುತ್ತಿದ್ದರು. ನಾನು ಅವರ ಮೆಚ್ಚಿನ ಶಿಷ್ಯೆ.

ಹೆಲೆನ್ ಕಳಿಸಿದ ಮೊದಲ ಕೆಲಸ ಒಂದು ಗೋದಾಮಿನ ಮೀಟಿಂಗಿನ ರೆಕಾರ್ಡಿಂಗ್. (ಹೆಸರುಗಳನ್ನು ಬದಲಿಸಿದ್ದೇನೆ, ಬಾಯಿ ಬಿಗಿಹಿಡಿಯುವುದೂ ನಮ್ಮ ಕಸುಬಿನ ಭಾಗ.) ಟ್ರೆವರ್ ಎಂಬ ಕೆಲಸಗಾರ ಮ್ಯಾನೇಜರನಿಗೆ ದಬಾಯಿಸುತ್ತಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ, "ನೋಡು ಮೇಟ್, ಆ ಏಣಿ ಗುಜರಿಗೂ ಬೇಡ. ಹೋದ ವಾರ ಹೇಳ್ದೆ, ಸೋಮವಾರ ಹೇಳ್ದೆ. ಯಾರಾದ್ರೂ ಸಾಯ್ಲಿ ಅಂತ ಕಾಯ್ತಿದೀಯಾ?" ನಡುನಡುವೆ ಇಲ್ಲಿ ಬರೆಯಲಾಗದ ಮಂತ್ರಪುಷ್ಪಗಳು. ಮ್ಯಾನೇಜರನಿಗೆ ಮೇಟ್ ಅಂತೆ, ಗೆಳೆಯನಂತೆ! ಪಾಪ, ಇದನ್ನು ಓದಿದರೆ ಇವನ ಕೆಲಸ ಹೋಗುತ್ತದಲ್ಲ ಎಂದು ನನ್ನ ಕರುಳು ಚುರುಕ್ಕೆಂದಿತು. ಬೈಗುಳ ತೆಗೆದೆ, ಹೇಳಿದ್ದನ್ನೇ ಮತ್ತೆ ಹೇಳಿದ್ದಾನೆಂದು ಹೋದ ವಾರ, ಸೋಮವಾರ ಎರಡನ್ನೂ ತೆಗೆದೆ. 'ಸರ್, ಏಣಿಯ ಸ್ಥಿತಿ ಅಷ್ಟು ತೃಪ್ತಿಕರವಾಗಿಲ್ಲ, ದಯವಿಟ್ಟು ಪರಿಶೀಲಿಸಬೇಕು' ಎಂದು ಚೊಕ್ಕ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿ, ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಹೆಲೆನ್ ಫೋನ್ ಮಾಡಿದಳು. "ನೀನು ಕಳಿಸಿದ್ದನ್ನ ಓದ್ದೆ, ರೆಕಾರ್ಡಿಂಗೂ ಕೇಳ್ದೆ. ಇವೆರಡೂ ಒಂದೇ ಮೀಟಿಂಗಾ?" ನಾನು ತೊದಲುತ್ತ ವಿವರಿಸಿದೆ. ಆಗ ಅವಳು ವಿಷಯ ಹೇಳಿದಳು. ಆ ಮೀಟಿಂಗಾದ ವಾರಕ್ಕೆ ಟ್ರೆವರ್ ಅದೇ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ಅವನು ಸರಿಯಾಗಿ ಎಚ್ಚರಿಸಲೇ ಇಲ್ಲ ಎಂದು ಕಂಪನಿ ವಾದಿಸುತ್ತಿತ್ತು. "ನಿನ್ ಕಾಗದ ಓದಿದ್ರೆ ಕಂಪನಿ ಹೇಳೋದೇ ನಿಜ ಅನ್ಸುತ್ತೆ. ಮೂರು ಗಂಟೆಗೆ ಅವನ ಲಾಯರ್‌ಗೆ ಕೊಡ್ಬೇಕು. ಬೇರೆಯವ್ರ ಹತ್ರ ಮಾಡಿಸ್ತೀನಿ ಬಿಡು."

ಟ್ರೆವರನ ಕೆಲಸ ಉಳಿಸಲು ಹೋಗಿ ಅವನ ಬಾಯನ್ನೇ ಮುಚ್ಚಿಬಿಟ್ಟಿದ್ದೆ. "ಬೇಡ, ನಾನೇ ಮಾಡ್ತೀನಿ. ಕೆಡಿಸಿದ್ದು ನಾನು" ಎಂದುಬಿಟ್ಟೆ. ಆ ಧೈರ್ಯ ಎಲ್ಲಿಂದ ಬಂತೋ! ಅವಳ ಮೂರು ಗಂಟೆ ಎಂದರೆ ಪರ್ತ್‌ನಲ್ಲಿ ಒಂದೂವರೆ. ಪೆಡಲ್ ತುಳಿದೆ ನೋಡಿ. ಟ್ರೆವರ್ ಕೆಮ್ಮಿದ್ದು, ಮೇಜು ಗುದ್ದಿದ್ದು, ಹೋದ ವಾರ, ಸೋಮವಾರ, ಒಂದನ್ನೂ ಬಿಡಲಿಲ್ಲ. ಸೀನಿಯರ್ ಪರೀಕ್ಷೆಯಲ್ಲಿ ಎಂದೂ ಬಾರದ ಪದಗಳನ್ನು ನನ್ನ ಬೆರಳುಗಳು ಕುಟ್ಟಿದವು. ಮೊದಲನೆಯದಕ್ಕೆ ದೇವರ ಪಟದ ಕಡೆ ತಿರುಗಿ ಕ್ಷಮೆ ಕೇಳಿದೆ. ಏಳನೆಯದರ ಹೊತ್ತಿಗೆ ಲಯ ಸಿಕ್ಕಿತ್ತು. ನಿಜ ಹೇಳಲೇ? ಅಷ್ಟು ಖುಷಿಯಿಂದ ನಾನು ಜೀವಮಾನದಲ್ಲಿ ಟೈಪ್ ಮಾಡಿರಲಿಲ್ಲ. ಇನ್ನೊಬ್ಬರ ಸಿಟ್ಟಾದರೂ ಸರಿ, ಮೈಯೆಲ್ಲ ಬಿಸಿಯಾಗಿತ್ತು.

ಒಂದೂಕಾಲಿಗೆ ಕಳಿಸಿದೆ. ಹೆಲೆನ್ ಫೋನ್ ಬರುವವರೆಗೆ ಕುರ್ಚಿಯಿಂದ ಏಳಲಿಲ್ಲ. "ಹಾಂ, ಈಗ ಟ್ರೆವರ್ ಮಾತಾಡ್ತಿದಾನೆ" ಎಂದಳು, "ಸೋಮವಾರ ಇನ್ನೆರಡು ಫೈಲ್ ಕಳಿಸ್ತೀನಿ." ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಟ್ರೆವರನಿಗೆ ಮುಂದೇನಾಯಿತೋ ತಿಳಿಯದು. ನಮ್ಮ ಕಿವಿಗೆ ಬೀಳುವುದು ಕತೆಗಳ ನಡುಭಾಗ ಮಾತ್ರ. ಗೆದ್ದಿರಲಿ ಎಂದು ಈಗಲೂ ಆಸೆ.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗಲೇ ನಿನ್ನೆ, ಭಾನುವಾರ, ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದಳು. ಒಂಬತ್ತು ವರ್ಷದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷ್ ಬಾರದು. ನಡುವೆ ನಾನು.

"ಪುಟ್ಟೀ, ನಾನ್ ಕಳ್ಸಿದ್ ಲಂಗ ಇಷ್ಟ ಆಯ್ತಾ?"

"ಇಟ್ಸ್ ಸೋ ಇಚಿ! ಶಿ ನೆವರ್ ಆಸ್ಕ್ಸ್ ವಾಟ್ ಐ ವಾಂಟ್."

'ತುಂಬಾ ಇಷ್ಟ ಆಯ್ತಂತೆ ಅಮ್ಮ' ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಎಷ್ಟು ವರ್ಷಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದೆನೋ! ತಡೆದು ನುಂಗಿದೆ. "ಲಂಗ ಚುಚ್ಚುತ್ತಂತೆ ಅಮ್ಮ. ಅಜ್ಜಿ ನಂಗೇನ್ ಬೇಕು ಅಂತ ಕೇಳೋದೇ ಇಲ್ಲ ಅಂತಿದಾಳೆ."

ಅಮ್ಮನ ಮುಖ ಪರದೆಯ ತುಂಬ ಬಂತು. "ಅಯ್ಯೋ, ಹೌದಲ್ಲಾ, ಕೇಳೇ ಇಲ್ವಲ್ಲಾ ನಾನು! ಏನ್ ಬೇಕು ಪುಟ್ಟೀ ನಿಂಗೆ?"

ಮಗಳು ನನ್ನ ಮುಖ ನೋಡಿದಳು. ಆಮೇಲೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದೊಂದೇ ಪದ ಹುಡುಕುತ್ತ ಹೇಳಿದಳು: "ಅಜ್ಜಿ, ನಂಗೆ... ಪ್ಯಾಂಟ್ ಬೇಕು. ಜೇಬು ಇರ್ಬೇಕು. ಎರಡು."

"ಎರಡ್ಯಾಕೆ, ನಾಲ್ಕು ಇಡಿಸ್ತೀನಿ! ಯಾವ್ ಬಣ್ಣ?"

ಅವರಿಬ್ಬರ ನಡುವೆ ನನಗಿನ್ನು ಕೆಲಸವಿರಲಿಲ್ಲ. ಕಣ್ಣೊರೆಸಿಕೊಂಡು ಕಾಫಿಗೆ ಹಾಲಿಟ್ಟೆ.