ಮುಗಿಲಿಗೆ ಮುಖ ಮಾಡಿದ ತಾಟು

ಹಾಸನದಲ್ಲಿದ್ದ ಮೊಮ್ಮಗಳು ಶಾಂತಾಳ ನೌಕರಿ ಬಿಡಿಸಿ ಕರಕೊಂಡು ಬರಲೆಂದೇ ನಾನು ಸವಣೂರಿನಿಂದ ಹೊರಟೆ. ಶಿಗ್ಗಾಂವಿಯ ಬೀಗರು ಹುಡುಗಿಯನ್ನು ಒಪ್ಪಿದ್ದರು, ರಾತ್ರಿ ಪಾಳಿಯನ್ನು ಒಪ್ಪಿರಲಿಲ್ಲ. "ಮುಗಿಲಿನ ಸಂಗಾಟ ಮಾತಾಡ್ತಾಳಂತ. ಅದೇನ್ ನೌಕರಿರೀ?" ಎಂದು ವರನ ತಾಯಿ ನಕ್ಕಿದ್ದಳು. ನನಗೂ ಹಾಗೇ ಅನಿಸಿತ್ತು.

ಹಾವೇರಿಯಲ್ಲಿ ರೈಲು ಹತ್ತಿದೆ. ಜಾಗ ಸಿಗದೆ, ಶಾಂತಾಳಿಗೆಂದು ಒಯ್ಯುತ್ತಿದ್ದ ಖಾರದ ಡಬ್ಬಿಯ ಮೇಲೆ ಕುಂತೇ ಅರಸೀಕೆರೆ ಮುಟ್ಟಿದೆ. ಅಲ್ಲಿಂದ ಹಾಸನಕ್ಕೆ ಬಸ್ಸು. ಚಳಿ. ಊಟಕ್ಕೆ ರೊಟ್ಟಿ ಇಲ್ಲ, ಸಾರಿಗೆ ಬೆಲ್ಲ.

ಮರುದಿನ ಉಪಗ್ರಹ ಕೇಂದ್ರದಲ್ಲಿ ಮನೆಯವರನ್ನು ಒಳಗೆ ಬಿಡುವ ದಿನ, ಶಾಂತಾ ಕರಕೊಂಡು ಹೋದಳು. ಊರಾಚೆ ಬಯಲಿನಲ್ಲಿ ಊಟದ ತಾಟಿನಂಥ ಬಿಳಿ ಆಂಟೆನಾ ಒಂದು ಮುಗಿಲು ನೋಡುತ್ತ ನಿಂತಿತ್ತು. ನಮ್ಮ ಮನೆಯನ್ನೇ ಅದರೊಳಗೆ ಇಡಬಹುದು.

"ಎಲ್ಲೈತಿ, ನೀ ಮಾತಾಡೋ ಉಪಗ್ರಹ?"

"ತಾಟು ನೋಡಾಕತ್ತೈತಲ್ಲ ಆಯಿ, ಅತ್ತಾಗ. ಭೂಮಿ ತಿರುಗಿದಂಗ ಅದೂ ತಿರಗತೈತಿ. ಅದಕ್ಕ ನಮಗ ಒಂದ ಕಡೆ ನಿಂತಂಗ."

ನೋಡಿದೆ. ಒಂದು ಹದ್ದೂ ಇರಲಿಲ್ಲ.

ಚಪ್ಪಲಿ ಬಿಡಿಸಿ ಒಳಗೆ ಕೂಡಿಸಿದರು. ಶಾಂತಾ ಗುಂಡಿ ಒತ್ತಿದಳು. ಪರದೆಯ ಮೇಲೆ ಅಂಕಿಗಳು ಬಂದವು. ಆಕೆ ಓದಿದಳು, ಪಕ್ಕದವನು ತಾಳೆ ನೋಡಿದ. ಆಮೇಲೆ ಇನ್ನೊಂದು ಗುಂಡಿ.

"ಎರಡೆರಡು ಸಲ ಯಾಕ?"

"ನಾ ಹೇಳಿದ್ದನ್ನ ಅದು ಹಂಗ ತಿರುಗಿ ಹೇಳಬೇಕು. ಸರಿ ಕೇಳೈತಿ ಅಂತ ಖಾತ್ರಿ ಆದ ಮ್ಯಾಲ 'ಮಾಡು' ಅನ್ನೋದು. ತಪ್ಪು ಕೇಳಿ ಮಾಡಿದ್ರ ಅಲ್ಲಿಗೆ ಹೋಗಿ ರಿಪೇರಿ ಮಾಡೋರು ಯಾರು?"

ನಮ್ಮ ವೀಳ್ಯದೆಲೆ ಬಳ್ಳಿ ತೋಟದಲ್ಲಿ ನೀರು ಬಿಡುವುದು ಹೀಗೇ. ಬಳ್ಳಿ ದಟ್ಟ, ಆ ತುದಿಯವರು ಕಾಣುವುದಿಲ್ಲ. ಬಾವಿಯ ಕಡೆಯಿಂದ ನಾನು ಪಾತಿಯ ಲೆಕ್ಕ ಹೇಳಿ "ಮೂರನೇ ಮಡಿ" ಎಂದು ಕೂಗಬೇಕು. ಅತ್ತಲಿಂದ "ಮೂರನೇ ಮಡಿ" ಎಂದು ತಿರುಗಿ ಬರಬೇಕು. ಆಮೇಲೆ ನಾನು "ಬಿಡು" ಅನ್ನಬೇಕು. ಲಂಗ ಉಡುವಾಗಿನಿಂದ ಆ ತುದಿಯಲ್ಲಿ ನಿಂತು ಕೂಗಿದವಳು ಶಾಂತಾನೇ. ಆಗ ನಮ್ಮ ಕೂಗು ತೋಟದ ಬೇಲಿ ದಾಟುತ್ತಿರಲಿಲ್ಲ. ಈಗ ಇವಳದು ಮೋಡ ದಾಟಿ, ಗಾಳಿಯೇ ಇಲ್ಲದ ಕಡೆ ಹೋಗಿ, ನಾನು ರೆಪ್ಪೆ ಬಡಿಯುವುದರೊಳಗೆ ತಿರುಗಿ ಬಂತು.

"ರಾತ್ರಿ ನೀವೆಲ್ಲ ಮಲಕೊಂಡ್ರ?"

"ಅದು ಮಲಗೂದಿಲ್ಲಲ್ಲ, ಆಯಿ." ಆಮೇಲೆ ತಲೆ ತಗ್ಗಿಸಿ ಕೇಳಿದಳು, "ನನ್ನ ಕರಕೊಂಡು ಹೋಗಾಕ ಬಂದೀಯೇನು?"

"ಖಾರ ಕೊಡಾಕ ಬಂದೇನಿ. ಹಿಡಿ."

ಬರುವಾಗ ಶಿಗ್ಗಾಂವಿಯಲ್ಲಿ ಇಳಿದು ನೆಟ್ಟಗೆ ಬೀಗರ ಮನೆಗೆ ಹೋದೆ.

"ಹುಡುಗಿ ಎಲ್ಲ್ರೀ?" ಎಂದಳು ವರನ ತಾಯಿ.

"ಪಾಳಿ ಮ್ಯಾಲ ಅದಾಳ್ರೀ. ಆಕಿ ನೌಕರಿ ಬಿಡೂದಿಲ್ಲ. ನಾ ಅಂದದ್ದನ್ನ ತಿರುಗಿ ಹೇಳ್ರಿ, ಸರಿ ಕೇಳಿತಿಲ್ಲೋ ನೋಡೂಣು."

ಆಕೆ ಸೆರಗು ಸರಿಪಡಿಸಿಕೊಂಡಳು. ಕೊನೆಗೆ, "ನೌಕರಿ... ಬಿಡೂದಿಲ್ಲ" ಎಂದಳು.

"ಹೂಂ. ಇನ್ನ ನಿಮ್ಮ ವಿಚಾರ ನೀವು ಮಾಡ್ರಿ."

ಸವಣೂರ ಬಸ್ಸು ಕಾಯುತ್ತ ಮುಗಿಲು ನೋಡಿದೆ. ಏನೂ ಕಾಣಲಿಲ್ಲ. ಶಾಂತಾಳ ಉಪಗ್ರಹ ಅಲ್ಲಿ ಇದ್ದೇ ಇತ್ತು.