ಜಡೆ ಬಿಗಿಯುವ ಹುಡುಗಿ

ಧಾರವಾಡದ ಕಾಲೇಜು ಮೈದಾನದಲ್ಲಿ ಹುಡುಗಿಯರ ಫುಟ್‌ಬಾಲ್ ಪಂದ್ಯವಿದ್ದರೆ ನಾನು ಕೇಶ್ವಾಪುರದಿಂದ ಬಸ್ಸು ಹಿಡಿದು ಹೋಗುತ್ತೇನೆ. ತಂಡದಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳುವವರನ್ನು ಕಂಡರೆ ನನಗೆ ಸಿಟ್ಟು. ಆಟ ನೋಡಲು ನೆಂಟಸ್ತಿಕೆ ಯಾಕೆ ಬೇಕು?

ಎಡಬದಿಯಲ್ಲಿ ಆಡುವ ಹುಡುಗಿ ಗೋಲಿನತ್ತ ನುಗ್ಗುವ ಮೊದಲು ಜಡೆ ಬಿಗಿದುಕೊಳ್ಳುತ್ತಾಳೆ. ಇದು ನನ್ನದೇ ಶೋಧ. ಅವಳ ಕೈ ಕೂದಲಿಗೆ ಹೋದೊಡನೆ ನಾನು ಎದ್ದು ನಿಂತು, ಕೊಡೆ ಬೀಸಿ ಕೂಗುತ್ತಿದ್ದೆ. ಆದರೆ ಈಚೆಗೆ ಅವಳಿಂದ ಗೋಲೇ ಆಗುತ್ತಿರಲಿಲ್ಲ. ಯಾಕಿರಬಹುದೆಂದು ತಲೆ ಕೆಡಿಸಿಕೊಂಡು, ಮೊನ್ನೆ ಪಂದ್ಯದ ವಿರಾಮದಲ್ಲಿ ಅವಳನ್ನೇ ಕೇಳಿದೆ.

"ಕಾಕಾ, ನೀವು ಎದ್ದು ನಿಂತ್ರ ಸಾಕು, ಎದುರಿನವ್ರು ಇಬ್ಬರು ಬಂದು ನನಗ ಅಡ್ಡ ನಿಂದರತಾರ್ರಿ," ಎಂದಳು.

ನಾನು ಪೆಚ್ಚಾದೆ. "ಇನ್ನ ಸುಮ್ನ ಕೂಡ್ತೇನಿ ಬಿಡವ್ವಾ."

"ಬ್ಯಾಡ್ರಿ! ಈಗ ನಾ ಸುಳ್ಳ ಸುಳ್ಳ ಜಡಿ ಬಿಗೀತೇನಿ. ನೀವು ಜೋರ್ಲೆ ಒದರ್ರಿ."

ವಿರಾಮ ಮುಗಿದ ಮೇಲೆ ಅವಳು ಜಡೆಗೆ ಕೈ ಹಾಕಿದಳು. ನಾನು ಗಂಟಲು ಹರಿಯುವಂತೆ ಕೂಗಿದೆ. ಎದುರಾಳಿಗಳು ಎಡಕ್ಕೆ ಓಡಿದರು. ಬಲಬದಿಯ ಹುಡುಗಿ ಆರಾಮವಾಗಿ ಚೆಂಡನ್ನು ಗೋಲಿಗೆ ತಳ್ಳಿದಳು.

ಪಕ್ಕದಲ್ಲಿ ಕೂತವರು ನನ್ನ ಕುಣಿತ ನೋಡಿ ಕೇಳಿದರು: "ತಂಡದಾಗ ನಿಮ್ಮವ್ರು ಯಾರರೆ ಅದಾರೇನ್ರಿ?"

"ನಾನ ಅದೇನಿ ನೋಡ್ರಿ," ಎಂದೆ.